ಗೆಂಡೆ ಹೊಂಡದಲ್ಲಿ ಆಂಟಿಬಯಾಟಿಕ್: ನನ್ನ ಅನುಭವ

ಪಾಂಡವಪುರದ ಬಳಿ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರಿನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುವ ನಾನು, ರೋಗ ಬಾರದಿರಲಿ ಎಂದು ಮೇವಿಗೆ ಮುಂಚಿತವಾಗಿ ಆಂಟಿಬಯಾಟಿಕ್ ಬೆರೆಸುವುದಿಲ್ಲ. ಬಿತ್ತನೆ ಮರಿ ಬಿಟ್ಟ ಕೂಡಲೇ ಒಂದು ಪೊಟ್ಟಣ ಪುಡಿ ಹಾಕಿಬಿಡಿ ಎಂಬ ಸಲಹೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆಯಾದ್ದರಿಂದ ಕಾರಣವನ್ನು ಬಿಡಿಸಿ ಹೇಳುವುದು ಅಗತ್ಯವೆನಿಸಿದೆ.

ಮೀನಿನ ರಕ್ತಕಣಗಳು ನಮ್ಮಂತೆ ಎಲುಬಿನ ಮಜ್ಜೆಯಲ್ಲಿ ಹುಟ್ಟುವುದಿಲ್ಲ. ಮೂತ್ರಪಿಂಡದ ಮುಂಭಾಗವೇ ಮುಖ್ಯವಾಗಿ ಆ ಕೆಲಸ ಮಾಡುತ್ತದೆ. ರೋಗಾಣು ಒಳಹೊಕ್ಕಾಗ ಅಲ್ಲಿನ ಬಿಳಿ ರಕ್ತಕಣಗಳು ಬೇಗಬೇಗ ವೃದ್ಧಿಯಾಗಬೇಕು. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧಿ. ಆದರೆ ಮೀನಿನ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಾದಲ್ಲಿಯೂ ಅದೇ ಬಗೆಯ ವ್ಯವಸ್ಥೆ ಇರುವುದರಿಂದ ಈ ಕಣಗಳ ವೃದ್ಧಿಗೂ ಅದು ಅಡ್ಡಿಯಾಗಬಲ್ಲದು. ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1980ರ ಸುಮಾರಿನಲ್ಲಿ ನಾವು ಸಾಕುವ ಇದೇ ಸಾಮಾನ್ಯ ಗೆಂಡೆಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಔಷಧಿ ರೋಗನಿರೋಧಕ ಪ್ರತಿಕ್ರಿಯೆಯನ್ನು ಕುಗ್ಗಿಸುವುದನ್ನು ಕಂಡರು. ಸಾಲದ್ದಕ್ಕೆ, ಕರುಳಿನಲ್ಲಿ ಹೀರಿಕೆಯಾಗುವ ಪಾಲು ಬಹಳ ಕಡಿಮೆ. ಹೆಚ್ಚಿನದು ಮಲದೊಡನೆ ಹೊಂಡದ ಕೆಸರು ಸೇರಿ, ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಔಷಧಿಯನ್ನು ತಾಳಿಕೊಳ್ಳುವ ಅಭ್ಯಾಸ ಮಾಡಿಸುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಬೇರೆ. ರೋಗ ಬಲವಾದ ಮೀನು ಮೇವು ಬಿಡುತ್ತದೆ. ಮೇವಿನಲ್ಲಿ ಕೊಟ್ಟ ಔಷಧಿಯನ್ನು ತಿನ್ನುವುದು ಆರೋಗ್ಯವಾಗಿರುವ ಮೀನು, ಮತ್ತು ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವೇ ಮೊದಲು ಸಾಯುತ್ತದೆ. ಆ ಜಾಗವನ್ನು ರೋಗ ತರುವ ಬ್ಯಾಕ್ಟೀರಿಯಾವಾದ ಏರೋಮೊನಾಸ್‌ನಂಥವು ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ.

ಆದ್ದರಿಂದ ನಾನು ಮೊದಲು ನೀರನ್ನೇ ನೋಡುತ್ತೇನೆ. ಸೂರ್ಯ ಹುಟ್ಟುವ ಮೊದಲು ಆಮ್ಲಜನಕ ಅಳೆದು, ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿದ್ದರೆ ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕುತ್ತೇನೆ. ಬಳಿಕ ಕೈ ಒದ್ದೆ ಮಾಡಿಕೊಂಡು ಒಂದು ಮೀನನ್ನು ಹಿಡಿದು ಪರೀಕ್ಷಿಸುತ್ತೇನೆ: ಒಣಗೈಯಲ್ಲಿ ಹಿಡಿದರೆ ಲೋಳೆ ಕಿತ್ತುಬರುತ್ತದೆ, ಲೋಳೆಯೇ ಅದರ ಮೊದಲ ಕಾವಲು, ರೋಗಾಣುಗಳನ್ನು ಎದುರಿಸುವ ಲೈಸೋಜೈಮ್ ಮತ್ತು ಪ್ರತಿಕಾಯಗಳು ಅದರಲ್ಲೇ ಇರುತ್ತವೆ. ಕಿವಿರು ಬಿಳುಚಿದೆಯೇ, ಹೊಟ್ಟೆ ಉಬ್ಬಿ ಹುರುಪೆಗಳು ನಿಮಿರಿವೆಯೇ, ರೆಕ್ಕೆಯ ಬುಡದಲ್ಲಿ ರಕ್ತದ ಚುಕ್ಕೆಗಳಿವೆಯೇ ಎಂಬುದನ್ನು ನಿಧಾನವಾಗಿ ನೋಡಬೇಕು. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಪ್ರತಿಕಾಯಗಳ ತಯಾರಿಕೆಯೂ ನಿಧಾನವಾಗುವುದರಿಂದ ಡಿಸೆಂಬರ್‌, ಜನವರಿಯಲ್ಲಿ ತೌಡು, ಹಿಂಡಿಯನ್ನು ಕಡಿಮೆ ಮಾಡಿ, ಬಲೆ ಎಳೆಯುವುದನ್ನು ಮುಂದೂಡುತ್ತೇನೆ. ಬಲೆಯ ಒತ್ತಡವೂ ನಿರೋಧಕ ಶಕ್ತಿಯನ್ನು ಕೆಳಗಿಳಿಸುತ್ತದೆ.

ಇಷ್ಟಾಗಿಯೂ ಬ್ಯಾಕ್ಟೀರಿಯಾ ರೋಗವೇ ಎಂಬ ಅನುಮಾನ ಉಳಿದರೆ, ಜೀವವಿರುವ ರೋಗಗ್ರಸ್ತ ಮೀನನ್ನೇ ಪ್ರಯೋಗಾಲಯಕ್ಕೆ ಒಯ್ದು, ಮೂತ್ರಪಿಂಡದಿಂದ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ತಿಳಿದುಕೊಳ್ಳುತ್ತೇನೆ. ಆ ಮೇಲೆ ತಜ್ಞರು ಬರೆದುಕೊಟ್ಟ ಪೂರ್ಣ ಪ್ರಮಾಣವನ್ನು, ಅವರು ಹೇಳಿದ ಅವಧಿಯವರೆಗೆ, ಮೀನು ಇನ್ನೂ ಮೇಯುತ್ತಿರುವಾಗಲೇ ಕೊಡುತ್ತೇನೆ. ಔಷಧಿ ದೇಹದಿಂದ ಹೋಗುವ ಅವಧಿ ಮುಗಿಯದೆ ಮಾರುಕಟ್ಟೆಗೆ ಮೀನು ಹಿಡಿಯುವುದಿಲ್ಲ. ಹೆಸರಿಲ್ಲದ ಪೊಟ್ಟಣವನ್ನಂತೂ ಮುಟ್ಟುವುದೇ ಇಲ್ಲ, ಏಕೆಂದರೆ ಆಹಾರದ ಮೀನಿಗೆ ನಿಷೇಧಿಸಿರುವ ಕ್ಲೋರಾಂಫೆನಿಕಾಲ್ ಅಥವಾ ನೈಟ್ರೊಫ್ಯೂರಾನ್ ಅದರಲ್ಲಿಲ್ಲ ಎಂದು ಹೇಳುವವರು ಯಾರೂ ಇರುವುದಿಲ್ಲ.