ರಿಯಾಲಿಟಿ ಶೋ ಶೂಟಿಂಗ್‌ಗೆ ಪ್ರೇಕ್ಷಕರಾಗಿ ಹೋಗುವ ಮುನ್ನ

ಹಾಡಿನ ಶೋ ಆಗಲಿ, ಕಾಮಿಡಿ ಶೋ ಆಗಲಿ, ಶೂಟಿಂಗ್‌ಗೆ ಹೋಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಇಡೀ ದಿನ ಖಾಲಿ ಇಟ್ಟುಕೊಂಡು ಬನ್ನಿ. ಟಿವಿಯಲ್ಲಿ ಒಂದೂವರೆ ಗಂಟೆ ಬರುವ ಎಪಿಸೋಡಿಗೆ ಸ್ಟುಡಿಯೊದಲ್ಲಿ ಐದಾರು ಗಂಟೆ ಹಿಡಿಯುತ್ತದೆ. ಒಂದೇ ದಿನ ಎರಡು ಎಪಿಸೋಡ್ ತೆಗೆಯುವುದೂ ಮಾಮೂಲು. ಬೆಳಿಗ್ಗೆ ಒಳಗೆ ಹೋದವರು ಆಚೆ ಬರುವ ಹೊತ್ತಿಗೆ ರಾತ್ರಿ ಹತ್ತು ದಾಟಿರಬಹುದು. ಸಂಜೆ ನಾಲ್ಕಕ್ಕೆ ಮಗುವನ್ನು ಸ್ಕೂಲಿಂದ ಕರೆತರಬೇಕು ಅನ್ನುವವರು ಇನ್ನೊಂದು ದಿನ ನೋಡಿಕೊಳ್ಳಿ. ನಡುವೆ ಎದ್ದು ಹೋದರೆ ಆ ಸೀಟು ಖಾಲಿ ಕಾಣುತ್ತದೆ, ಅಲ್ಲಿಯವರೆಗೆ ತೆಗೆದ ಶಾಟಿಗೂ ಮುಂದಿನದಕ್ಕೂ ಹೊಂದುವುದಿಲ್ಲ.

ನಮ್ಮ ಮನೆ ಬೆಂಗಳೂರಿನ ಚಿಕ್ಕಲಸಂದ್ರದ ಕಡೆ. ಅಬ್ಬಯ್ಯ ನಾಯ್ಡು ಸ್ಟುಡಿಯೊ ಇಲ್ಲೇ ಇದೆ. ನಮ್ಮ ಅತ್ತೆಗೆ ಹಾಡಿನ ಶೋ ಅಂದ್ರೆ ಪ್ರಾಣ. ಅವರ ನೆಪದಲ್ಲಿ ಶುರುವಾಗಿದ್ದು, ಈಗ ನಮ್ಮ ಭಜನಾ ಮಂಡಳಿಯ ಹೆಂಗಸರೂ ನನ್ನ ಜೊತೆ ಬರುತ್ತಾರೆ. ಹೊಸಬರು ಸೇರಿದಾಗಲೆಲ್ಲ ಅವೇ ಪ್ರಶ್ನೆಗಳು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಪಾಸ್ ಹೇಗೆ ಸಿಗುತ್ತೆ? ದಾರಿ ಮೂರ್ನಾಲ್ಕಿವೆ. ಚಾನೆಲ್‌ನವರೇ ಆಗಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಕರೆಯುತ್ತಾರೆ. ಕಾಲೇಜು, ಮಹಿಳಾ ಸಂಘ, ಅಪಾರ್ಟ್‌ಮೆಂಟ್ ಸಂಘಗಳನ್ನು ಗುಂಪಾಗಿ ಕರೆಯುವುದೂ ಉಂಟು. ಸ್ಪರ್ಧಿಗಳ ಮನೆಯವರಿಗೆ, ಊರಿನವರಿಗೆ ಒಂದಿಷ್ಟು ಪಾಸ್ ಇರುತ್ತವೆ. ಉಳಿದದ್ದು ಆಡಿಯನ್ಸ್ ಕೋಆರ್ಡಿನೇಟರ್‌ಗಳ ಕೈಯಲ್ಲಿ. ಶೂಟಿಂಗ್‌ಗೆ ಜನ ತುಂಬಿಸುವುದೇ ಇವರ ಕೆಲಸ. ಒಂದು ಸಲ ಗುಂಪಾಗಿ ಹೋಗಿ ಶಿಸ್ತಾಗಿ ಕೂತು ಬಂದರೆ ಅವರು ನಿಮ್ಮ ನಂಬರ್ ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ.

ಪಾಸಿಗೆ ದುಡ್ಡು ಮಾತ್ರ ಕೊಡಬೇಡಿ. ಖುರ್ಚಿ ತುಂಬುವುದು ಅವರಿಗೆ ಬೇಕಾದ ಕೆಲಸ, ಅದಕ್ಕೆ ನೀವೇಕೆ ಕೊಡಬೇಕು? ನಮ್ಮ ಪಕ್ಕದ ಬೀದಿಯವರೊಬ್ಬರು ವಾಟ್ಸಾಪ್‌ನಲ್ಲಿ ಬಂದ ಮೆಸೇಜ್ ನಂಬಿ 'ವಿಐಪಿ ಸೀಟು' ಅಂತ ಮುಂಗಡ ಕಳಿಸಿದರು. ಆಮೇಲೆ ಆ ನಂಬರ್ ಸ್ವಿಚ್ ಆಫ್. ಸ್ಪರ್ಧಿಯಾಗಿ ಆಯ್ಕೆ ಮಾಡಿಸುತ್ತೇನೆ ಅಂತ ದುಡ್ಡು ಕೇಳುವವರೂ ಇದೇ ಜಾತಿಯವರು.

ಯಾವ ಸ್ಟುಡಿಯೊ ಅಂತ ಸರಿಯಾಗಿ ಕೇಳಿಕೊಳ್ಳಿ. ಬೆಂಗಳೂರಲ್ಲಿ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಎರಡು ಗಂಟೆ ಸುಮ್ನೆ ಹೋಗುತ್ತದೆ. ಅಬ್ಬಯ್ಯ ನಾಯ್ಡು ಸ್ಟುಡಿಯೊಗೆ ಬರುವವರು ಬನಶಂಕರಿ ಮೆಟ್ರೊದಲ್ಲಿ ಇಳಿದು ಆಟೊ ಹಿಡಿಯಬಹುದು. ಕಂಠೀರವ ಸ್ಟುಡಿಯೊ ಯಶವಂತಪುರದ ಆಚೆ, ಅಣ್ಣಾವ್ರ ಸ್ಮಾರಕ ಇರುವ ಜಾಗ. ರಾಕ್‌ಲೈನ್ ಸ್ಟುಡಿಯೊ ತುಮಕೂರು ರಸ್ತೆ ಕಡೆ. ಬಿಡದಿ ಅಂದರೆ ಮೈಸೂರು ರಸ್ತೆಯಲ್ಲಿ ಊರಾಚೆ, ವಾಪಸ್ ಬರುವ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳದೆ ಹೊರಡಬೇಡಿ. ಎಲ್ಲ ಶೋಗೂ ಪ್ರೇಕ್ಷಕರು ಬೇಕು ಅಂತಲೂ ಇಲ್ಲ. ಚಂದನ ವಾಹಿನಿಯ 'ಥಟ್ ಅಂತ ಹೇಳಿ' 2002ರಿಂದ ನಡೆಯುತ್ತಿದೆ. ಸೋಮೇಶ್ವರ ಅವರು, ಎದುರಿಗೆ ಸ್ಪರ್ಧಿಗಳು, ಬಹುಮಾನಕ್ಕೆ ಪುಸ್ತಕ, ಅಷ್ಟರಲ್ಲೇ ಆ ಕಾರ್ಯಕ್ರಮ ಕಳೆಕಟ್ಟುತ್ತದೆ.

ಇನ್ನು ಬಟ್ಟೆ. ಇದರಲ್ಲಿ ಜನ ಜಾಸ್ತಿ ತಪ್ಪು ಮಾಡುತ್ತಾರೆ. ಸಣ್ಣ ಚೌಕಳಿ, ಹತ್ತಿರ ಹತ್ತಿರ ಗೆರೆ ಇರುವ ಅಂಗಿ ಬೇಡ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚುಕ್ಕಿಗಳೂ ಸಾಲುಸಾಲಾಗಿಯೇ ಇರುತ್ತವೆ. ಬಟ್ಟೆಯ ಗೆರೆ ಆ ಸಾಲಿನ ಮೇಲೆ ಬಿದ್ದಾಗ ಪರದೆಯಲ್ಲಿ ಅಲೆ ಅಲೆಯಾಗಿ ಹರಿದಾಡಿದ ಹಾಗೆ ಕಾಣುತ್ತದೆ. ಅಚ್ಚ ಬಿಳಿ ಬಟ್ಟೆ ಲೈಟಿಗೆ ಹೊಳೆದು ಪಕ್ಕದವರ ಮುಖ ಮಂಕಾಗಿಸುತ್ತದೆ. ಕಪ್ಪು ಬಟ್ಟೆ ಹಿಂದಿನ ಕತ್ತಲಲ್ಲಿ ಕರಗಿಹೋಗುತ್ತದೆ. ಕಂಪನಿ ಹೆಸರು, ದೊಡ್ಡ ಅಕ್ಷರ ಇರುವ ಟೀ ಶರ್ಟ್ ಹಾಕಿದವರನ್ನು ಹಿಂದಿನ ಸಾಲಿಗೆ ಕಳಿಸುತ್ತಾರೆ. ಕೆಂಪು, ನೀಲಿ, ಅರಿಶಿನ, ನೇರಳೆ, ಒಂದೇ ಬಣ್ಣದ ಬಟ್ಟೆಯಾದರೆ ಚೆನ್ನ. ಎರಡು ಎಪಿಸೋಡ್ ಇದೆ ಅಂತ ಗೊತ್ತಾದರೆ ಬದಲಾಯಿಸೋಕೆ ಇನ್ನೊಂದು ದುಪಟ್ಟಾ, ಇನ್ನೊಂದು ಅಂಗಿ ಬ್ಯಾಗಲ್ಲಿರಲಿ. ಬೇರೆ ವಾರದ ಎಪಿಸೋಡಲ್ಲಿ ಅದೇ ಜನ ಅದೇ ಬಟ್ಟೆಯಲ್ಲಿ ಕಾಣಬಾರದು ಅಂತ ಅವರೇ ಸೀಟು ಬದಲಿಸುತ್ತಾರೆ, ಬಟ್ಟೆ ಬದಲಿಸಿದ್ದರೆ ಇನ್ನೂ ಖುಷಿ. ಗಾಜಿನ ಬಳೆ ತುಂಬಾ ಬೇಡ. ಪ್ರೇಕ್ಷಕರ ತಲೆ ಮೇಲೂ ಮೈಕ್ ತೂಗಿರುತ್ತವೆ, ಬಳೆ ಸದ್ದು ಹಾಡಿನ ನಡುವೆ ಕೇಳುತ್ತೆ. ಸ್ವೆಟರ್ ಅಥವಾ ಶಾಲು ಮಾತ್ರ ಮರೆಯಲೇಬೇಡಿ. ಅಷ್ಟು ಲೈಟುಗಳ ಶಾಖ ತಡೆಯೋಕೆ ಎಸಿಯನ್ನು ಜೋರಾಗಿ ಹಾಕಿರುತ್ತಾರೆ. ಬೆಳಕೆಲ್ಲ ವೇದಿಕೆಗೆ, ಚಳಿಯೆಲ್ಲ ನಮಗೆ.

ಗೇಟಲ್ಲಿ ಫೋನ್ ತೆಗೆದುಕೊಂಡು ಟೋಕನ್ ಕೊಡುತ್ತಾರೆ. ಆ ಟೋಕನ್ನನ್ನು ಪರ್ಸಿನ ಒಳ ಜೇಬಿಗೆ ಹಾಕಿ. ಮನೆಯವರ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಶೂಟಿಂಗ್ ಮುಗಿಯುವವರೆಗೆ ಫೋನ್ ಸಿಗಲ್ಲ ಅಂತ ಮನೆಯಲ್ಲಿ ಹೇಳಿಯೇ ಹೊರಡಿ. ಸಹಿ ಮಾಡಲು ಫಾರಂ ಕೊಟ್ಟರೆ ಓದಿ. ನಿಮ್ಮ ಮುಖ ಟಿವಿಯಲ್ಲಿ ತೋರಿಸಲು ಒಪ್ಪಿಗೆ ಅಂತ ಅದರಲ್ಲಿರುತ್ತದೆ.

ಎಲ್ಲಿ ಕೂರಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಹೆಡ್‌ಸೆಟ್ ಹಾಕಿಕೊಂಡ ಫ್ಲೋರ್ ಮ್ಯಾನೇಜರ್ ಬಂದು, "ಅಕ್ಕಾ, ನೀಲಿ ಸೀರೆಯವರು ಮುಂದೆ ಬನ್ನಿ, ಅಣ್ಣಾ, ನೀವು ಸ್ವಲ್ಪ ಹಿಂದೆ" ಅಂತ ಬಣ್ಣ, ಎತ್ತರ ನೋಡಿ ಕೂರಿಸುತ್ತಾರೆ. ಮುಖ ಸಿಂಡರಿಸಬೇಡಿ. ಹಿಂದಿನ ಸಾಲು ಕಳಪೆ ಏನಲ್ಲ. ಉದ್ದ ತೋಳಿನ ಜಿಮ್ಮಿ ಜಿಬ್ ಕ್ಯಾಮೆರಾ ತಲೆ ಮೇಲಿಂದ ಹಾರಿ ಬರುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ವಯಸ್ಸಾದವರಿದ್ದರೆ ಮಾತ್ರ ಮೊದಲೇ ಹೇಳಿ. ಗ್ಯಾಲರಿ ಮೆಟ್ಟಿಲು ಪ್ಲೈವುಡ್‌ನವು, ಕಂಬಿ ಇರುವುದಿಲ್ಲ, ಕೆಳಗೆ ವೈರುಗಳು ಹರಡಿರುತ್ತವೆ. ನಮ್ಮ ಅತ್ತೆಗೆ ಮಂಡಿನೋವು. "ಇವರಿಗೆ ಮೆಟ್ಟಿಲು ಆಗಲ್ಲಪ್ಪ" ಅಂದರೆ ಸಾಕು, ಆ ಹುಡುಗರು ಕೈ ಹಿಡಿದು ಕರ್ಕೊಂಡು ಹೋಗಿ ಕೆಳಗಿನ ಸಾಲಲ್ಲಿ ಕೂರಿಸುತ್ತಾರೆ.

ಶೋ ಶುರುವಾಗುವ ಮುಂಚೆ ಒಂದು ಕೆಲಸ ಇದೆ. ರಿಯಾಕ್ಷನ್ ತೆಗೆದುಕೊಳ್ಳುವುದು. ವೇದಿಕೆ ಮೇಲೆ ಯಾರೂ ಇರುವುದಿಲ್ಲ. ಫ್ಲೋರ್ ಮ್ಯಾನೇಜರ್ ಕೈ ಎತ್ತಿ, "ಈಗ ಜೋರಾಗಿ ಕ್ಲ್ಯಾಪ್ಸ್! ಈಗ ನಗಿ! ಈಗ ಯಾರೋ ಎಲಿಮಿನೇಟ್ ಆದರು, ಬೇಜಾರು!" ಅನ್ನುತ್ತಾರೆ. ಎರಡು ಕ್ಯಾಮೆರಾ ನಮ್ಮ ಮುಖಗಳ ಮೇಲೆ ನಿಧಾನವಾಗಿ ಓಡುತ್ತವೆ. ಎಡಿಟಿಂಗ್‌ನಲ್ಲಿ ಬೇಕಾದ ಕಡೆ ಇವನ್ನು ಸೇರಿಸುತ್ತಾರೆ. ಹೊಸಬರಿಗೆ ಇದು ನಾಟಕ ಅನ್ನಿಸಿ ಬೇಸರವಾಗುತ್ತದೆ. ನನಗೆ ಹಾಗನ್ನಿಸಿಲ್ಲ. ಹಾಡು ನಡೆಯುವಾಗ ಎಲ್ಲ ಕ್ಯಾಮೆರಾನೂ ಹಾಡುವವರ ಕಡೆ ಇರಬೇಕಲ್ವಾ? ನಮ್ಮ ಮುಖ ತೆಗೆಯೋಕೆ ಬೇರೆ ಹೊತ್ತು ಬೇಕೇ ಬೇಕು.

ಚಪ್ಪಾಳೆ ತಟ್ಟುವಾಗ ಕೈ ಎದೆಯ ಮಟ್ಟಕ್ಕಿರಲಿ, ಮುಖಕ್ಕೆ ಅಡ್ಡ ಬರಬಾರದು. ಫ್ಲೋರ್ ಮ್ಯಾನೇಜರ್ ಕೈ ಇಳಿಸುವವರೆಗೆ ನಿಲ್ಲಿಸಬೇಡಿ. ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು ಅಂದರೆ ಆ ಹೊತ್ತಿಗೆ ಅದರ ಚಿತ್ರವೇ ಹೋಗುತ್ತಿದೆ ಅಂತ. ಆಗ ಅದನ್ನು ದಿಟ್ಟಿಸಬೇಡಿ, ವೇದಿಕೆ ನೋಡಿ. "ಸೈಲೆನ್ಸ್, ರೋಲಿಂಗ್" ಅಂದ ಮೇಲೆ ಪಿಸುಮಾತೂ ಬೇಡ. ಹಾಡು ಗೊತ್ತಿದೆ ಅಂತ ಜೊತೆಗೆ ಹಾಡಬೇಡಿ. ಜಡ್ಜ್ ಹೇಳಿದ ಜೋಕಿಗೆ ಎರಡನೇ ಟೇಕಲ್ಲೂ ನಗಬೇಕಾಗುತ್ತದೆ. ಮನಸ್ಸಿಟ್ಟು ನಗಿ.

ನಾವು ಅಲ್ಲಿ ಕೂತಿರುವುದು ಯಾಕೆ ಅಂತ ನನಗೆ ಮನದಟ್ಟಾಗಿದ್ದು ಮಕ್ಕಳ ಒಂದು ಶೋನಲ್ಲಿ. ಉತ್ತರ ಕರ್ನಾಟಕದ ಕಡೆಯ ಪುಟ್ಟ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಚರಣದ ಎರಡನೇ ಸಾಲು ಮರೆತುಹೋಗಿ ನಿಂತುಬಿಟ್ಟಳು. ವಾದ್ಯಗಳು ನಿಂತವು. ಅವಳ ಕಣ್ಣು ಜಡ್ಜುಗಳ ಕಡೆ ಹೋಗಲಿಲ್ಲ, ನೇರ ನಮ್ಮ ಕಡೆ ಬಂತು. ನಮ್ಮ ಅತ್ತೆ ಯಾರೂ ಹೇಳದೆ ಚಪ್ಪಾಳೆ ಶುರು ಮಾಡಿದರು. ಇಡೀ ಗ್ಯಾಲರಿ ಸೇರಿಕೊಂಡಿತು. ಮಗು ಮೂಗು ಒರೆಸಿಕೊಂಡು, ಮೈಕ್ ಎರಡೂ ಕೈಯಲ್ಲಿ ಹಿಡಿದು, ಪಲ್ಲವಿಯಿಂದ ಮತ್ತೆ ಎತ್ತಿಕೊಂಡಳು. ಎದುರಿಗೆ ಬರೀ ಕ್ಯಾಮೆರಾ ಇದ್ದಿದ್ದರೆ ಆ ಮಗುವಿಗೆ ಧೈರ್ಯ ಎಲ್ಲಿಂದ ಬರಬೇಕಿತ್ತು? ಅದಕ್ಕೇ ಹೇಳುವುದು, ಏಳನೇ ಹಾಡಿನ ಹೊತ್ತಿಗೆ ಸುಸ್ತಾದರೂ ಕಿವಿ ಕೊಟ್ಟು ಕೇಳಿ. ಏಳನೆಯವರಿಗೆ ಅದೇ ಮೊದಲ ಹಾಡು.

ಹಾಡಿಗೂ ಹಾಡಿಗೂ ನಡುವೆ ಸೆಟ್, ಲೈಟ್ ಬದಲಿಸಲು ಅರ್ಧ ಗಂಟೆ ಹೋಗಬಹುದು, ಡ್ಯಾನ್ಸ್ ಶೋ ಆದರೆ ಇನ್ನೂ ಜಾಸ್ತಿ. ಈ ಹೊತ್ತನ್ನು ಹೇಗೆ ಬಳಸಿಕೊಳ್ಳಬೇಕು ಅಂತ ನನಗೆ ಕಲಿಸಿದ್ದು ಕಾಮಾಕ್ಷಿಪಾಳ್ಯದಿಂದ ಬರುವ ಒಬ್ಬ ಅಕ್ಕ. ಅವರಿಗೆ ಇದು ದಿನಗೂಲಿ. ಏಜೆಂಟ್ ಮೂಲಕ ಬರುತ್ತಾರೆ, ಗ್ಯಾಲರಿಯಲ್ಲಿ ಅಂಥವರು ಬಹಳ ಜನ ಇರುತ್ತಾರೆ. "ಲೈಟಿನವರು ಏಣಿ ತಂದ್ರೆ ಬಾತ್‌ರೂಮಿಗೆ ಎದ್ದೇಳಮ್ಮ. ಊಟ ಬಂದಾಗ ಹಸಿವಿಲ್ಲ ಅನ್ನಬೇಡ, ಮತ್ತೆ ಯಾವಾಗ ಸಿಗುತ್ತೋ" ಅಂದರು. ಎರಡೂ ಮಾತು ಅಕ್ಷರಶಃ ನಿಜ. ದುಡ್ಡಿಗೆ ಬಂದವರು ಅಂತ ಕೆಲವರು ಇವರನ್ನು ದೂರ ಕೂರಿಸಲು ನೋಡುತ್ತಾರೆ, ನನಗೆ ಸಿಟ್ಟು ಬರುತ್ತದೆ. ಬೆನ್ನು ನೆಟ್ಟಗೆ ಇಟ್ಟುಕೊಂಡು ಹತ್ತು ಗಂಟೆ ನಗುಮುಖದಲ್ಲಿ ಕೂರುವುದನ್ನು ಅವರನ್ನು ನೋಡಿಯೇ ಕಲಿಯಬೇಕು.

ಊಟ ಹೆಚ್ಚಾಗಿ ಪೊಟ್ಟಣದಲ್ಲಿ ಬರುತ್ತದೆ, ಪಲಾವ್ ಅಥವಾ ಅನ್ನ ಸಾಂಬಾರ್. ಸೆಟ್ಟಿನೊಳಗೆ ತಿಂಡಿ ಬಿಡುವುದಿಲ್ಲ. ಶುಗರ್ ಇರುವವರು ಮಾತ್ರೆ, ಒಂದೆರಡು ಬಿಸ್ಕತ್ತನ್ನು ಗೇಟಲ್ಲೇ ತೋರಿಸಿ, ಕೇಳಿಕೊಂಡು ಒಯ್ಯಿರಿ. ಐದು ವರ್ಷದೊಳಗಿನ ಮಕ್ಕಳನ್ನು ಕರೆತರಬೇಡಿ, ಅಷ್ಟು ಹೊತ್ತು ಅವರನ್ನು ಕಟ್ಟಿಹಾಕಿದರೆ ಪಾಪ.

ಮುಗಿದ ಮೇಲೆ ಆಂಕರ್, ಜಡ್ಜುಗಳ ಹಿಂದೆ ಓಡಬೇಡಿ, ಅವರಿಗೂ ಗಂಟಲು ಬಿದ್ದಿರುತ್ತದೆ. ಸ್ಪರ್ಧಿಗಳ ತಂದೆತಾಯಿ ಗೇಟಿನ ಹತ್ತಿರ ನಿಂತಿರುತ್ತಾರೆ. "ನಿಮ್ಮ ಮಗ ಚೆನ್ನಾಗಿ ಹಾಡಿದ" ಅಂತ ಅವರಿಗೆ ಹೇಳಿ ಬನ್ನಿ. ಫೋನ್ ಕೈಗೆ ಬಂದ ತಕ್ಷಣ ಸ್ಟೇಟಸ್ ಹಾಕಬೇಡಿ. ಪ್ರಸಾರಕ್ಕೆ ಇನ್ನೂ ಒಂದೆರಡು ವಾರ ಇರುತ್ತದೆ. ಯಾರು ಔಟಾದರು ಅನ್ನುವುದು ಆ ಹುಡುಗನ ಊರಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಾದರೆ ಅವನ ಬಾಯಿಂದ ಗೊತ್ತಾಗಲಿ. ನೆಂಟರು ಎಷ್ಟೇ ಪೀಡಿಸಿದರೂ "ಭಾನುವಾರ ಟಿವಿಯಲ್ಲೇ ನೋಡಿ" ಅನ್ನಿ.