ಕ್ಯಾಂಪರ್‌ನಲ್ಲಿ ಅಲಾಸ್ಕಾಗೆ: ಮೊದಲ ರಾತ್ರಿ ಮನೆ ಹತ್ತಿರವೇ ಮಲಗಿ

ಸಿಯಾಟಲ್ ಕಡೆಯಿಂದ ಅಲಾಸ್ಕಾಗೆ ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡಿಗೆ ಮಾಡಿಕೊಳ್ಳುವ ಗಾಡಿ, ಓಡಿಸಿಕೊಂಡು ಹೋಗಬೇಕು ಅಂದುಕೊಂಡವರು ಮೊದಲು ಪೆಟ್ರೋಲ್ ಖರ್ಚು ಲೆಕ್ಕ ಹಾಕುತ್ತಾರೆ. ಆಮೇಲೆ ಕರಡಿ ಬಗ್ಗೆ ಚಿಂತೆ ಮಾಡುತ್ತಾರೆ. ಎರಡೂ ಇರಲಿ. ಆದರೆ ಇಂಥ ಪ್ರವಾಸ ಹೆಚ್ಚಾಗಿ ಕೈಕೊಡುವುದು ಟೈರು, ತೂಕ, ನೀರಿನ ಪೈಪು, ಕಾಗದಪತ್ರಗಳಲ್ಲಿ. ಇವನ್ನೆಲ್ಲ ಸರಿ ಮಾಡಿಕೊಳ್ಳಲು ಮನೆಯಂಗಳಕ್ಕಿಂತ ಒಳ್ಳೆಯ ಜಾಗ ಇಲ್ಲ. ದಾರಿಯಲ್ಲಿ ಸಿಗುವ ಕೆನಡಾದ ಯೂಕಾನ್ ಪ್ರಾಂತ್ಯದ ಕಾಡಿನ ನಡುವೆ ಒಂದು ಪಂಪ್ ಕೆಟ್ಟರೆ ಬಿಡಿಭಾಗಕ್ಕೆ ದಿನಗಟ್ಟಲೆ ಕಾಯಬೇಕಾಗಬಹುದು.

ಮೊದಲು ದೂರ ಎಷ್ಟು ನೋಡಿ. ಅಲಾಸ್ಕಾ ಹೆದ್ದಾರಿ ಶುರುವಾಗುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಡಾಸನ್ ಕ್ರೀಕ್‌ನಲ್ಲಿ. ಮುಗಿಯುವುದು ಅಲಾಸ್ಕಾದ ಡೆಲ್ಟಾ ಜಂಕ್ಷನ್‌ನಲ್ಲಿ. ಉದ್ದ ಸುಮಾರು 2,230 ಕಿ.ಮೀ. ಹೆಚ್ಚುಕಮ್ಮಿ ಬೆಂಗಳೂರಿನಿಂದ ದೆಹಲಿಗೆ ಹೋದಷ್ಟು. ಸಿಯಾಟಲ್‌ನಿಂದ ಡಾಸನ್ ಕ್ರೀಕ್‌ಗೆ ತಲುಪುವುದಕ್ಕೇ ಸುಮಾರು 1,300 ಕಿ.ಮೀ. ಓಡಿಸಬೇಕು. ಅಂದರೆ ಒಂದು ದೊಡ್ಡ ಪ್ರವಾಸ ಮುಗಿದ ಮೇಲೆ ನಿಜವಾದ ಪ್ರವಾಸ ಶುರು. ಜಿಪಿಎಸ್‌ನಲ್ಲಿ ಊರಿನ ಹೆಸರು ಹಾಕುವಾಗ ಹುಷಾರು. ಡಾಸನ್ ಸಿಟಿ ಬೇರೆ ಊರು. ಅದು ಯೂಕಾನ್‌ನಲ್ಲಿ, ಡಾಸನ್ ಕ್ರೀಕ್‌ನಿಂದ ಸುಮಾರು 1,900 ಕಿ.ಮೀ. ಆಚೆ ಇದೆ.

ಈ ದಾರಿಯನ್ನು 1942ರಲ್ಲಿ ಅಮೆರಿಕದ ಸೈನ್ಯ ಎಂಟೇ ತಿಂಗಳಲ್ಲಿ ಕಡಿದು ಮಾಡಿತು. ಪರ್ಲ್ ಹಾರ್ಬರ್ ದಾಳಿಯ ನಂತರ ಅಲಾಸ್ಕಾಗೆ ರಸ್ತೆ ಬೇಕು ಎಂಬ ಅವಸರ. ಸಾರ್ವಜನಿಕರಿಗೆ ತೆರೆದದ್ದು 1948ರಲ್ಲಿ. ಈಗ ಪೂರ್ತಿ ಡಾಂಬರು ಅನ್ನುತ್ತಾರೆ, ಅದು ಸರಿಯೇ. ಆದರೆ ಇಲ್ಲಿ ರಿಪೇರಿ ಮಾಡಲು ಸಿಗುವುದು ಬೇಸಿಗೆ ಮಾತ್ರ. ಹಾಗಾಗಿ ನೀವು ಹೋಗುವ ಹೊತ್ತಿಗೆ ಎಲ್ಲೋ ಒಂದು ಕಡೆ ಜಲ್ಲಿ ಹರಡಿರುತ್ತದೆ.

ಯಾವಾಗ ಹೊರಡಬೇಕು? ನನ್ನ ಮತ ಜೂನ್ ಮೊದಲ ವಾರಕ್ಕೆ. ಮೇ ತಿಂಗಳಲ್ಲಿ ಹಲವು ಕ್ಯಾಂಪ್‌ಗ್ರೌಂಡ್ ತೆರೆದಿರುವುದಿಲ್ಲ, ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಜೂನ್‌ನಲ್ಲಿ ಯೂಕಾನ್‌ನ ವೈಟ್‌ಹಾರ್ಸ್ ಊರಿನಲ್ಲಿ ದಿನಕ್ಕೆ 19 ಗಂಟೆ ಸೂರ್ಯ ಇರುತ್ತಾನೆ. ಕಿಟಕಿಗೆ ದಪ್ಪ ಪರದೆ ಇಲ್ಲದಿದ್ದರೆ ಮಕ್ಕಳು ರಾತ್ರಿ ಹನ್ನೊಂದಕ್ಕೂ ಮಲಗುವುದಿಲ್ಲ. ಸೊಳ್ಳೆ ಜಾಸ್ತಿ. ಕಾಡ್ಗಿಚ್ಚಿನ ಹೊಗೆ ಸಾಮಾನ್ಯವಾಗಿ ಜುಲೈ, ಆಗಸ್ಟ್‌ನ ತೊಂದರೆ. ಆದರೆ 2024ರಲ್ಲಿ ಮೇ ತಿಂಗಳಲ್ಲೇ ಬೆಂಕಿಯಿಂದಾಗಿ ಈ ಹೆದ್ದಾರಿಯ ಮೇಲಿನ ಫೋರ್ಟ್ ನೆಲ್ಸನ್ ಊರನ್ನೇ ಖಾಲಿ ಮಾಡಿಸಿದ್ದರು. ಹೊರಡುವ ಮುನ್ನ ಮತ್ತು ದಾರಿಯಲ್ಲಿ ಪ್ರತಿ ಬೆಳಗ್ಗೆ ರಸ್ತೆಯ ಸ್ಥಿತಿ ತಿಳಿಸುವ ಡ್ರೈವ್‌ಬಿಸಿ, 511 ಯೂಕಾನ್, 511 ಅಲಾಸ್ಕಾ ಜಾಲತಾಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಧ್ರುವಪ್ರಭೆ ನೋಡಲೇಬೇಕು ಅನ್ನುವವರು ಆಗಸ್ಟ್ ಕೊನೆಗೆ ಹೋಗಿ. ಜೂನ್‌ನಲ್ಲಿ ಆಕಾಶ ಕತ್ತಲಾಗುವುದೇ ಇಲ್ಲ.

ಪಾಸ್‌ಪೋರ್ಟ್ ಮೊದಲು, ಪಾತ್ರೆ ಆಮೇಲೆ

ಹೋಗಿ ಬರುವಷ್ಟರಲ್ಲಿ ಗಡಿ ನಾಲ್ಕು ಸಲ ದಾಟುತ್ತೀರಿ. ಅಮೆರಿಕದಿಂದ ಕೆನಡಾ, ಅಲ್ಲಿಂದ ಅಲಾಸ್ಕಾ, ಮತ್ತೆ ಕೆನಡಾ, ಮತ್ತೆ ಅಮೆರಿಕ. ಭಾರತದ ಪಾಸ್‌ಪೋರ್ಟ್ ಜೊತೆ ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ, ಅವರ ಸಂಸಾರಕ್ಕೆ ಬೇಕು. ಅದಕ್ಕೆ ಕೆಲವು ತಿಂಗಳ ಮೊದಲೇ ಅರ್ಜಿ ಹಾಕಿ. ಅಮೆರಿಕದ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೂ ಅಮೆರಿಕದಲ್ಲಿ ಇರಲು ಕೊಟ್ಟ ಅವಧಿಯ ದಾಖಲೆಯಾದ ಐ-94 ಚಾಲ್ತಿಯಲ್ಲಿದ್ದರೆ, ಕೆನಡಾದಲ್ಲಿ 30 ದಿನದೊಳಗಿನ ಭೇಟಿ ಮುಗಿಸಿ ಅದೇ ಆಧಾರದ ಮೇಲೆ ವಾಪಸು ಬರಲು ಅವಕಾಶ ಇದೆ. ಇದಕ್ಕೆ ಷರತ್ತುಗಳೂ ಇವೆ. ಆಫೀಸಿನ ವಲಸೆ ವಕೀಲರ ಹತ್ತಿರ ನಿಮ್ಮ ಪರಿಸ್ಥಿತಿ ಹೇಳಿಯೇ ಕೇಳಿ ಖಚಿತ ಮಾಡಿಕೊಳ್ಳಿ. ವಾಟ್ಸ್ಆ್ಯಪ್ ಗುಂಪಿನ ಉತ್ತರ ಗಡಿಯಲ್ಲಿ ನಡೆಯುವುದಿಲ್ಲ.

ಕ್ಯಾಂಪರ್ ಬಾಡಿಗೆಯದಾದರೆ ಕರಾರಿನ ಸಣ್ಣ ಅಕ್ಷರಗಳನ್ನು ಓದಲೇಬೇಕು. ಕೆನಡಾಕ್ಕೆ ಒಯ್ಯಲು ಪತ್ರ ಬೇಕಾಗಬಹುದು. ಡೆಂಪ್‌ಸ್ಟರ್, ಟಾಪ್ ಆಫ್ ದ ವರ್ಲ್ಡ್‌ನಂಥ ಜಲ್ಲಿ ರಸ್ತೆಗಳಿಗೆ ಹೋಗಕೂಡದು ಅಂತ ಹಲವು ಕಡೆ ಬರೆದಿರುತ್ತಾರೆ. ವಿಮೆ ಎರಡೂ ದೇಶಕ್ಕೆ ಅನ್ವಯಿಸುವ ಕಾಗದ ಗ್ಲೋವ್ ಬಾಕ್ಸ್‌ನಲ್ಲಿರಲಿ. ಕರಡಿ ಓಡಿಸುವ ಬೇರ್ ಸ್ಪ್ರೇ ಒಯ್ಯಬಹುದು, ಡಬ್ಬಿಯ ಮೇಲೆ ಅದು ಪ್ರಾಣಿಗಳಿಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಮನುಷ್ಯರಿಗೆ ಹೊಡೆಯುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷಿದ್ಧ. ಸೌದೆ ಒಯ್ಯಬೇಡಿ. ಯೂಕಾನ್ ಸರ್ಕಾರದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೌದೆ ಸುಮ್ನೆ ಕೊಡುತ್ತಾರೆ.

ತೂಕ, ಟೈರು

ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕ್ಕರ್ ಕಾಣುತ್ತದೆ. ಜನ, ಸಾಮಾನು, ನೀರು ಎಲ್ಲ ಸೇರಿ ಗಾಡಿ ಎಷ್ಟು ಹೊರಬಹುದು ಎಂಬುದನ್ನು ಅದರಿಂದ ತಿಳಿಯಬಹುದು. ಪಿಕಪ್ ಮೇಲೆ ಕ್ಯಾಂಪರ್ ಕೂರಿಸುವವರು ಇದನ್ನು ನೋಡದೆ ಹೊರಡುವುದು ನನಗೆ ಅರ್ಥವಾಗದ ವಿಷಯ. ನೂರು ಲೀಟರ್ ನೀರು ಅಂದರೆ ನೂರು ಕಿಲೋ. ಎಲ್ಲ ತುಂಬಿಸಿ, ಎಲ್ಲರೂ ಕೂತು, ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ನ ತೂಕದ ಯಂತ್ರದ ಮೇಲೆ ಒಂದು ಸಲ ಗಾಡಿ ನಿಲ್ಲಿಸಿ. ಖರ್ಚು ತೀರಾ ಕಮ್ಮಿ. ಜಾಸ್ತಿ ಬಂದರೆ ಟ್ಯಾಂಕ್‌ನಲ್ಲಿ ಅರ್ಧವೇ ನೀರಿಟ್ಟುಕೊಳ್ಳಿ. ದಾರಿಯಲ್ಲಿ ಊರು ಸಿಕ್ಕಾಗ ತುಂಬಿಸಬಹುದು.

ಭಾರವಾದ ಸಾಮಾನೆಲ್ಲ ಕೆಳಗೆ, ಕಪಾಟಿನ ಬಾಗಿಲಿಗೆ ಗಟ್ಟಿ ಚಿಲಕ. ಇದಕ್ಕೆ ಕಾರಣ ಇದೆ. ಯೂಕಾನ್‌ನ ಡಿಸ್ಟ್ರಕ್ಷನ್ ಬೇ ದಾಟಿ ಅಲಾಸ್ಕಾ ಗಡಿಯವರೆಗೆ ರಸ್ತೆಯ ಕೆಳಗೆ ಹೆಪ್ಪುಗಟ್ಟಿದ ಮಣ್ಣಿದೆ. ಅದು ಕರಗಿದ ಕಡೆ ರಸ್ತೆ ಕುಸಿಯುತ್ತದೆ, ಹೆಪ್ಪುಗಟ್ಟಿದ ಕಡೆ ಉಬ್ಬುತ್ತದೆ. ಅಲ್ಲಿಯವರು ಈ ಉಬ್ಬಿಗೆ ಫ್ರಾಸ್ಟ್ ಹೀವ್ ಅನ್ನುತ್ತಾರೆ. ದೂರದಿಂದ ಕಾಣುವುದಿಲ್ಲ, ಹತ್ತಿರ ಬಂದಾಗ ಬ್ರೇಕ್ ಹಾಕಲು ಸಮಯ ಇರುವುದಿಲ್ಲ. ವೇಗ ಇಳಿಸಿ, ಸಣ್ಣ ಕೆಂಪು ಬಾವುಟ ಕಂಡರೆ ಇನ್ನಷ್ಟು ಇಳಿಸಿ.

ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಆರು ವರ್ಷ ದಾಟಿದ್ದರೆ ಮೇಲಿನ ಗೀರುಗಳು ಎಷ್ಟೇ ಆಳ ಇರಲಿ, ಈ ದಾರಿಗೆ ನಾನಂತೂ ಒಯ್ಯುವುದಿಲ್ಲ. ಸ್ಟೆಪ್ನಿ ಪೂರ್ಣ ಅಳತೆಯದಾಗಿರಲಿ. ಅದನ್ನು ಕಳಚಿ ಹಾಕುವುದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಗಾಡಿಯ ಜೊತೆ ಬಂದ ಜ್ಯಾಕ್ ತುಂಬಿದ ಕ್ಯಾಂಪರನ್ನು ಎತ್ತದೇ ಇರಬಹುದು.

ನೀರು, ಗ್ಯಾಸ್, ಅಡಿಗೆ

ಚಳಿಗಾಲವಿಡೀ ನಿಂತಿದ್ದ ಟ್ಯಾಂಕ್ ಆದರೆ 15 ಗ್ಯಾಲನ್ ನೀರಿಗೆ ಕಾಲು ಕಪ್ ಮಾಮೂಲಿ ಬ್ಲೀಚ್ ಹಾಕಿ, ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವ ತನಕ ಬಿಡಿ. ಒಂದು ರಾತ್ರಿ ಹಾಗೇ ಇಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ಆಮೇಲೆ ಸಿಂಕ್ ಕೆಳಗೆ ಒಣ ಪೇಪರ್ ಟವೆಲ್ ಹಾಸಿಟ್ಟರೆ ಎಲ್ಲಿ ಸೋರುತ್ತಿದೆ ಅಂತ ಬೆಳಗ್ಗೆ ಗೊತ್ತಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಒತ್ತಿ ನೋಡಿ. ಚಳಿ ಅಂತ ಒಲೆ ಹಚ್ಚಿಟ್ಟು ಮಲಗುವುದು ಜೀವಕ್ಕೆ ಅಪಾಯ.

ಅಡಿಗೆಯಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹೆಸರುಬೇಳೆ ಫ್ರಿಜ್ ಇಲ್ಲದೆ ವಾರಗಟ್ಟಲೆ ಇರುತ್ತವೆ. ಸಣ್ಣ ಕುಕ್ಕರ್ ಒಂದಿದ್ದರೆ ಗ್ಯಾಸೂ ಉಳಿಯುತ್ತದೆ. ಹಸಿ ತರಕಾರಿ, ಹಣ್ಣು ಗಡಿ ದಾಟಿದ ಮೇಲೆ ತೆಗೆದುಕೊಳ್ಳಿ, ಕೆಲವನ್ನು ಅಲ್ಲಿ ಬಿಸಾಡಿಸುತ್ತಾರೆ. ಊಟದ ತಟ್ಟೆ, ಎಣ್ಣೆ ಬಾಣಲೆ ಹೊರಗೆ ಬಿಡಬೇಡಿ. ಕರಡಿಗೆ ಒಗ್ಗರಣೆಯ ವಾಸನೆ ಚೆನ್ನಾಗಿಯೇ ತಿಳಿಯುತ್ತದೆ.

ಪರೀಕ್ಷೆಯ ರಾತ್ರಿ

ಹೊರಡುವ ಎರಡು ವಾರ ಮೊದಲು ಮನೆಯಿಂದ ಒಂದು ಗಂಟೆ ದೂರದ ಯಾವುದಾದರೂ ಸ್ಟೇಟ್ ಪಾರ್ಕ್‌ಗೆ ಹೋಗಿ. ಕ್ಯಾಂಪರ್‌ಗೆ ಕರೆಂಟ್ ಸಂಪರ್ಕ (ಹುಕಪ್) ಇಲ್ಲದ ಜಾಗ ಹಿಡಿಯಿರಿ, ಯಾಕೆಂದರೆ ಉತ್ತರದಲ್ಲಿ ಹೆಚ್ಚಿನ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅದು ಇರುವುದಿಲ್ಲ. ರಾತ್ರಿಯಿಡೀ ಹೀಟರ್ ಹಾಕಿ. ಹೀಟರ್ ಸುಡುವುದು ಗ್ಯಾಸನ್ನೇ ಆದರೂ ಅದರ ಫ್ಯಾನ್ ಬ್ಯಾಟರಿ ತಿನ್ನುತ್ತದೆ. ಬೆಳಗ್ಗೆ ಬ್ಯಾಟರಿ ಸತ್ತಿದ್ದರೆ ಅಲಾಸ್ಕಾದಲ್ಲೂ ಅದೇ ಆಗುವುದು. ಏನು ಮರೆತರೂ ತರಲು ಮನೆಗೆ ಓಡಬೇಡಿ, ಚೀಟಿಯಲ್ಲಿ ಬರೆಯಿರಿ. ಕೊಳಕು ನೀರನ್ನು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡುವ ಕೆಲಸ ಯಾರದು ಅನ್ನುವ ಜಗಳವೂ ಇಲ್ಲೇ ಮುಗಿಯಲಿ.

ಹೊರಟ ಮೇಲೆ

ಮೊದಲ ದಿನ ಕಮ್ಮಿ ಓಡಿಸಿ. ಬೆಳಗ್ಗೆ ಬೇಗ ಸೂಮಸ್‌ನಲ್ಲಿ ಗಡಿ ದಾಟಿ, ಹೋಪ್ ಊರಿನಲ್ಲಿ ನಿಂತುಬಿಡಿ. ಕ್ಯಾಂಪರ್‌ನ ಚಕ್ರ ಹೊಸದಾಗಿ ಕಳಚಿ ಹಾಕಿದ್ದರೆ 80ರಿಂದ 160 ಕಿ.ಮೀ. ಒಳಗೆ ನಟ್‌ಗಳನ್ನು ಮತ್ತೆ ಬಿಗಿ ಮಾಡಬೇಕು. ಮರುದಿನ ಫ್ರೇಸರ್ ಕಣಿವೆ, ಕ್ಯಾಶ್ ಕ್ರೀಕ್, ವಿಲಿಯಮ್ಸ್ ಲೇಕ್. ಪ್ರಿನ್ಸ್ ಜಾರ್ಜ್‌ನಲ್ಲಿ ದೊಡ್ಡ ಅಂಗಡಿ, ಗ್ಯಾರೇಜ್ ಎಲ್ಲ ಇವೆ. ಏನಾದರೂ ಸದ್ದು ಬರುತ್ತಿದ್ದರೆ ಇಲ್ಲೇ ತೋರಿಸಿ.

ಡಾಸನ್ ಕ್ರೀಕ್‌ನ ಮೈಲಿ ಸೊನ್ನೆ ಕಂಬದ ಫೋಟೋ ಎಲ್ಲರೂ ತೆಗೆಯುತ್ತಾರೆ, ನೀವೂ ತೆಗೆಯಿರಿ. ಅಲ್ಲಿಂದ ಮುಂದೆ ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ. ನಕ್ಷೆಯಲ್ಲಿ ಕಾಣುವ ಬಂಕ್ ಆ ವರ್ಷ ಮುಚ್ಚಿರಬಹುದು. ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ಇಲ್ಲ, ಹಾಗಾಗಿ ನಕ್ಷೆ ಮೊದಲೇ ಇಳಿಸಿಕೊಂಡಿರಿ. ಹೆಡ್‌ಲೈಟ್ ಹಗಲೂ ಉರಿಯುತ್ತಿರಲಿ, ಯೂಕಾನ್‌ನಲ್ಲಿ ಅದು ಕಾನೂನು. ಜಲ್ಲಿಯ ಮೇಲೆ ಎದುರಿಂದ ಲಾರಿ ಬಂದರೆ ನಿಧಾನಿಸಿ ಬಲಕ್ಕೆ ಸರಿಯಿರಿ, ಅದರ ಚಕ್ರದ ಕಲ್ಲು ಹಾರಿಯೇ ಗಾಜು ಒಡೆಯುವುದು.

ಫೋರ್ಟ್ ನೆಲ್ಸನ್ ದಾಟಿದ ಮೇಲೆ ಬೆಟ್ಟ ಶುರು. ಸಮಿಟ್ ಲೇಕ್ ಹತ್ತಿರ ರಸ್ತೆ 1,295 ಮೀಟರ್ ಎತ್ತರ ಏರುತ್ತದೆ, ಈ ಹೆದ್ದಾರಿಯಲ್ಲಿ ಅದಕ್ಕಿಂತ ಎತ್ತರ ಇಲ್ಲ. ಮುಂದೆ ಮಂಚೋ ಸರೋವರ, ಆಮೇಲೆ ಲಿಯಾರ್ಡ್ ಬಿಸಿನೀರಿನ ಬುಗ್ಗೆ. ಲಿಯಾರ್ಡ್‌ನ ಕ್ಯಾಂಪ್ ಬೇಗ ತುಂಬುತ್ತದೆ, ಜಾಗ ಮೊದಲೇ ಕಾಯ್ದಿರಿಸಿ. ಅಲ್ಲಿಂದ ವಾಟ್ಸನ್ ಲೇಕ್ ಕಡೆಗೆ ಬೈಸನ್ ಹಿಂಡು ರಸ್ತೆಯ ಮೇಲೇ ನಿಂತಿರುತ್ತದೆ. ಹಾರ್ನ್ ಹೊಡೆಯಬೇಡಿ, ಕೆಳಗೆ ಇಳಿಯಬೇಡಿ. ಅವು ಸರಿದ ಮೇಲೆ ಹೊರಡಿ, ಮಬ್ಬುಗತ್ತಲೆ ಆಗುವ ಮೊದಲು ಆ ದಾರಿಯನ್ನು ದಾಟಿಬಿಡಿ.