ಮೂರು ಫೇಸ್ ಮನೆಯ ಸೋಲಾರ್‌ಗೆ ಬ್ಯಾಟರಿ: ಮೊದಲು ಡಿಬಿ ನೋಡಿ

ತಾರಸಿ ಮೇಲೆ ಪ್ಯಾನೆಲ್‌ಗಳು ಸುಡು ಬಿಸಿಲಲ್ಲಿ ಕಾಯುತ್ತಿರುತ್ತವೆ, ಕರೆಂಟ್ ಹೋದ ತಕ್ಷಣ ಕೆಳಗೆ ಫ್ಯಾನ್ ನಿಲ್ಲುತ್ತದೆ. ಸಿಟ್ಟು ಬರುತ್ತೆ, ಅಲ್ವಾ? ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಎಂದು ಗ್ರಿಡ್ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಬ್ಯಾಟರಿ, ಅದಕ್ಕೆ ತಕ್ಕ ಇನ್ವರ್ಟರ್ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಆದರೆ ಬ್ಯಾಟರಿ ನೋಡುವ ಮೊದಲು ಡಿಬಿ, ಅಂದರೆ ಎಂಸಿಬಿ ಸ್ವಿಚ್‌ಗಳಿರುವ ಡಿಸ್ಟ್ರಿಬ್ಯೂಷನ್ ಬೋರ್ಡ್ ನೋಡಿ. ಒಂದು ಫೇಸ್‌ನ ಎಂಸಿಬಿಗಳನ್ನು ಇಳಿಸಿ, ಯಾವ ರೂಮಿನಲ್ಲಿ ಏನೇನು ಆಫ್ ಆಯಿತು ಎಂದು ಬರೆದುಕೊಳ್ಳಿ. ಮೂರಕ್ಕೂ ಹೀಗೇ ಮಾಡಿ. ಯಾಕೆಂದರೆ 10 ಕಿಲೋವ್ಯಾಟ್‌ನ ಮೂರು ಫೇಸ್ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ ಎರಡನ್ನೂ ಒಂದೇ ನಡೆಸುವಂಥದ್ದು) ಅಂದರೆ ಫೇಸ್‌ಗೆ ಸುಮಾರು 3.3 ಮಾತ್ರ. ಗೀಸರ್, ಎಸಿ, ಫ್ರಿಜ್ ಎಲ್ಲವೂ ಒಂದೇ ಫೇಸ್ ಮೇಲಿದ್ದರೆ ಉಳಿದೆರಡು ಖಾಲಿ ಇದ್ದರೂ ಟ್ರಿಪ್ ಆಗಬಹುದು. ಕೆಲವು ಮಾಡೆಲ್‌ಗಳು ಒಂದು ಫೇಸ್‌ಗೆ ಜಾಸ್ತಿ ಕೊಡುತ್ತವೆ, ಡೇಟಾಶೀಟ್ ನೋಡಿ.

ನನ್ನ ಕೇಳಿದರೆ, ಇಡೀ ಮನೆಗೆ ಬ್ಯಾಕಪ್ ಬೇಕಾಗಿಲ್ಲ. ಲೈಟು, ಫ್ಯಾನು, ಫ್ರಿಜ್, ವೈಫೈ ಇಷ್ಟನ್ನು ಬೇರೆ ಬೋರ್ಡಿಗೆ ತೆಗೆದು ಸಿಂಗಲ್ ಫೇಸ್ ಬ್ಯಾಟರಿ ಇನ್ವರ್ಟರ್ ಕೊಟ್ಟರೆ ಸಾಕು. ಮೂರು ಫೇಸ್ ಪಂಪ್ ಓಡಲೇಬೇಕೆಂದರೆ ಮಾತ್ರ ಬೇರೆ ಲೆಕ್ಕ: ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದನ್ನು ನಿಧಾನಕ್ಕೆ ಶುರುಮಾಡುವ ಸಾಫ್ಟ್ ಸ್ಟಾರ್ಟರ್ ಬೇಕಾದೀತು. ಮೀಟರ್ ಮೂರು ಫೇಸನ್ನೂ ಕೂಡಿ ಲೆಕ್ಕ ಹಾಕುತ್ತದೋ, ಬೇರೆ ಬೇರೆಯೋ ಅಂತಲೂ ಕೇಳಿಕೊಳ್ಳಿ. ಬೇರೆ ಬೇರೆಯಾದರೆ ಒಂದು ಫೇಸಿನ ಬ್ಯಾಟರಿ ಉಳಿದೆರಡರ ಬಿಲ್ ಇಳಿಸುವುದಿಲ್ಲ.

ಹಳೆ ಸೋಲಾರ್ ಇನ್ವರ್ಟರ್ ಚೆನ್ನಾಗಿದ್ದರೆ ಎಸೆಯಬೇಡಿ. ಬ್ಯಾಟರಿಗೆ ಬೇರೆ ಇನ್ವರ್ಟರ್ ಇಟ್ಟು, ಎರಡನ್ನೂ ಮನೆಯ ವೈರಿಂಗ್‌ನಲ್ಲೇ ಸೇರಿಸುವುದಕ್ಕೆ ಎಸಿ ಕಪ್ಲಿಂಗ್ ಎನ್ನುತ್ತಾರೆ, ಅದರಲ್ಲಿ ಹಳೆಯದು ಹಾಗೇ ಇರುತ್ತದೆ. ಆದರೆ ಸೋಲಾರ್ ಇನ್ವರ್ಟರ್ ಮೂರು ಫೇಸಿನದಾದರೆ, ಕರೆಂಟ್ ಹೋದಾಗ ಸಿಂಗಲ್ ಫೇಸ್ ಬ್ಯಾಟರಿ ಇನ್ವರ್ಟರ್ ಅದನ್ನು ನಡೆಸಲಾರದು. ಕರೆಂಟ್ ಹೋದಾಗ ಬ್ಯಾಟರಿ ಇನ್ವರ್ಟರ್ ಗ್ರಿಡ್‌ನಂತೆ ನಟಿಸುತ್ತದೆ, ಬ್ಯಾಟರಿ ತುಂಬಿದ ಮೇಲೆ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ಗಿಂತ ಮೇಲೇರಿಸಿ ಸೋಲಾರ್ ಇನ್ವರ್ಟರ್‌ನ ಉತ್ಪಾದನೆಯನ್ನು ತಗ್ಗಿಸುತ್ತದೆ. ಸೋಲಾರ್ ಇನ್ವರ್ಟರ್‌ನ ಕಿಲೋವ್ಯಾಟ್ ಬ್ಯಾಟರಿ ಇನ್ವರ್ಟರ್‌ನದ್ದನ್ನು ಮೀರದಿದ್ದರೆ ಒಳ್ಳೆಯದು.

ಬ್ಯಾಟರಿ ಎಷ್ಟು ದೊಡ್ಡದು? ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಮೀಟರ್ ಓದಿ, ಒಂದು ವಾರ. ಎರಡರ ವ್ಯತ್ಯಾಸವೇ ರಾತ್ರಿಯ ಬಳಕೆ. 51.2 ವೋಲ್ಟ್, 100 ಎಎಚ್‌ (ಆಂಪಿಯರ್-ಅವರ್) ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ 5.12 ಯೂನಿಟ್. 90% ಬಳಸಿ, ಇನ್ವರ್ಟರ್ ನಷ್ಟ ಕಳೆದರೆ ಕೈಗೆ ಸಿಗುವುದು ನಾಲ್ಕೂವರೆಗಿಂತ ಸ್ವಲ್ಪ ಕಡಿಮೆ.

ವೈರಿಂಗ್ ನೀವೇ ಮಾಡಬೇಡಿ. 5 ಕಿಲೋವ್ಯಾಟ್ ಎಳೆದರೆ ಬ್ಯಾಟರಿ ಕೇಬಲ್‌ನಲ್ಲಿ ಸುಮಾರು 100 ಆಂಪ್ಸ್ ಹರಿಯುತ್ತದೆ, ಕೇಬಲ್ ತುದಿಯ ಲಗ್ ಸಡಿಲವಿದ್ದರೆ ಕರಗಿಹೋಗುತ್ತದೆ. ಬ್ಯಾಕಪ್ ಬೋರ್ಡಿನ ನ್ಯೂಟ್ರಲ್ ಮೇನ್ ಬೋರ್ಡಿನ ನ್ಯೂಟ್ರಲ್ ಜೊತೆ ಬೆರೆತರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಸುಮ್ನೆ ಸುಮ್ನೆ ಬೀಳುತ್ತಿರುತ್ತದೆ.

ಎಲೆಕ್ಟ್ರಿಷಿಯನ್ ಹೊರಡುವ ಮುಂಚೆ ಸಿಟಿ ಪರೀಕ್ಷೆ ಮಾಡಿಸಿ. ಮೀಟರ್ ಹತ್ತಿರ ಪ್ರತಿ ಫೇಸ್ ವೈರಿಗೆ ಕಚ್ಚಿಸುವ ಸೆನ್ಸರ್ ಅದು. ಮೂರು ಫೇಸ್‌ಗಳನ್ನು ಆರ್, ವೈ, ಬಿ ಎನ್ನುತ್ತಾರೆ; ನಮ್ಮಲ್ಲಿ ವೈ ಮತ್ತು ಬಿ ಸಿಟಿಗಳು ಅದಲುಬದಲಾಗಿದ್ದವು. ವೈ ಫೇಸ್ ಸಾಕೆಟ್‌ಗೆ 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಹಾಕಿದರೆ, ಆ್ಯಪ್‌ನಲ್ಲಿ ಬಿ ಫೇಸ್‌ನಿಂದ 500 ವ್ಯಾಟ್ ಹೊರಗೆ ಹೋಗುತ್ತಿದೆ ಅಂತ ತೋರಿಸುತ್ತಿತ್ತು! ಅದನ್ನು ನಂಬಿದ ಇನ್ವರ್ಟರ್ ಬ್ಯಾಟರಿಯನ್ನು ಬೇಡದ ಹೊತ್ತಲ್ಲಿ ತುಂಬಿಸುತ್ತಿತ್ತು. ಅದೇ ಇಸ್ತ್ರಿಪೆಟ್ಟಿಗೆಯನ್ನು ಮೂರೂ ಫೇಸಿಗೆ ಒಂದೊಂದಾಗಿ ಹಾಕಿ ನೋಡಿ, ಆಯಾ ಫೇಸ್‌ನ ಅಂಕಿ ಮಾತ್ರ ಸುಮಾರು 1000 ವ್ಯಾಟ್ ಏರಬೇಕು.

ಆಮೇಲೆ ರಾತ್ರಿ ಮೇನ್ ಇಳಿಸಿ, ಮೊದಲು ಬರೆದ ಪಟ್ಟಿ ಹಿಡಿದು ಮನೆಯೆಲ್ಲ ಒಂದು ಸುತ್ತು ಬನ್ನಿ.